ಅಡಿತಟ್ಟೆ ಬಿಚ್ಚಿದ ವರ್ಷ

ಮಾರ್ಚ್ 6

ಅಣ್ಣನಿಗೆ,

ನಿನ್ನ ಕಾಗದ ತಲುಪಿತು. ಕ್ಷೇಮ ಸಮಾಚಾರ ಒಂದು ಸಾಲು, ಕಾರು ಮಾರು ಎನ್ನುವುದು ಹದಿನಾಲ್ಕು ಸಾಲು. ಎಣಿಸಿಯೇ ಹೇಳುತ್ತಿದ್ದೇನೆ. ಗಾಡಿಗೂ ಈಗ ಹದಿನಾಲ್ಕೇ ವರ್ಷ. ವರ್ಷಕ್ಕೊಂದು ಸಾಲಿನಂತೆ ಬರೆದೆಯೋ ಏನೋ.

ಮಾರುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದನ್ನು ನೀನು ನೆಮ್ಮದಿಯಾಗಿ ಓದಬಹುದು.

ಹೋದ ತಿಂಗಳು ಫಿಟ್ನೆಸ್ ಪರೀಕ್ಷೆ ಪಾಸಾಯಿತು. ನನ್ನ ಕೈಗೆ ಬಂದ ಒಂಬತ್ತು ವರ್ಷದಲ್ಲಿ ಬೂದುಬಣ್ಣದ ನಮ್ಮ ಬೂದಿ ಎರಡು ಲಕ್ಷದ ಹನ್ನೊಂದು ಸಾವಿರ ಕಿಲೋಮೀಟರ್ ಓಡಿದ್ದಾಳೆ. ನಡುದಾರಿಯಲ್ಲಿ ನಿಂತದ್ದು ನಾಲ್ಕು ಸಲ. ಅದರಲ್ಲೂ ಒಂದು ಸಲ ಪೆಟ್ರೋಲ್ ಹಾಕಿಸಲು ಮರೆತದ್ದು ನಾನು, ಅವಳಲ್ಲ. ಮಂದಿಯ ಬಟ್ಟೆ ಇಸ್ತ್ರಿ ಮಾಡುವುದು ಸಾಕು, ಬಾಡಿಗೆ ಕಾರು ಓಡಿಸುತ್ತೇನೆ ಎಂದಾಗ ಬೀದಿಗೆ ಬೀದಿಯೇ ನಕ್ಕಿತ್ತು. ನೀನೊಬ್ಬನೇ ಬಂದು, ಬಾನೆಟ್ ಮೇಲೆ ಎರಡು ಸಲ ತಟ್ಟಿ, "ಕಣ್ಮುಚ್ಕೊಂಡು ತಗೋ, ನಾನು ನೋಡಿದ್ದೀನಿ" ಎಂದೆ. ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರ್ ಅಣ್ಣ ಹೇಳಿದ ಮೇಲೆ ಇನ್ನೇನು ಎಂದು ತೆಗೆದುಕೊಂಡೆ. ಈಗ ಅದೇ ಬಾಯಿ ಮಾರು ಎನ್ನುತ್ತಿದೆ. ನಿವೃತ್ತಿಯಾದ ಮೇಲೆ ಧೈರ್ಯವನ್ನೂ ಕಚೇರಿಗೇ ಒಪ್ಪಿಸಿ ಬಂದೆಯಾ?

ಟೀಚರಮ್ಮನನ್ನು ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್‌ಗೆ ಕರೆದೊಯ್ಯುತ್ತೇನೆ, ನಿನಗೆ ಗೊತ್ತು. ಆಕೆಗೆ ಬಸ್ಸು ಹತ್ತಲು ಆಗದು. ಬೂದಿ ನಿಂತರೆ ನನ್ನ ಒಲೆಯಷ್ಟೇ ಅಲ್ಲ, ಆಕೆಯ ರಕ್ತವೂ ನಿಲ್ಲುತ್ತದೆ.

ಫೋನಿನಲ್ಲಿ ಕಿರುಚಿದರೂ ನಿನಗೆ ಕೇಳಿಸುವುದಿಲ್ಲ, ಅದಕ್ಕೇ ಈ ಕಾಗದ. ಬೇಸಿಗೆಯಲ್ಲಿ ಗಾಡಿಗೆ ಏನೇನು ನೋಡಬೇಕೋ ಪಟ್ಟಿ ಮಾಡಿ ಕಳಿಸು. ಉಪದೇಶ ಬೇಡ, ಪಟ್ಟಿ ಸಾಕು.

ನಿನ್ನ ತಂಗಿ


ಮಾರ್ಚ್ 19

ತಂಗಿಗೆ ಆಶೀರ್ವಾದಗಳು.

ಬೇಸಿಗೆಯ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಇಟ್ಟಿದ್ದೇನೆ. ರೇಡಿಯೇಟರಿನ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆರೆಯತಕ್ಕದ್ದು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡು, ಅರ್ಧ ಅಂಗುಲಕ್ಕಿಂತ ಹೆಚ್ಚು ಬಾಗಬಾರದು. ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಓಡುವ ಮೊದಲು ಅಳೆಯುವುದು.

ಮುಂದಿನ ಫೆಬ್ರವರಿಗೆ ಗಾಡಿಗೆ ಹದಿನೈದು ತುಂಬುತ್ತದೆ. ಹದಿನೈದು ದಾಟಿದ ಬಾಡಿಗೆ ವಾಹನಗಳ ಪರೀಕ್ಷೆ ಬೇರೆ ಥರ. ನಪಾಸಾದರೆ ನೇರ ಗುಜರಿಗೆ. ಅದಕ್ಕೆ ಮುಂಚೆ ಮಾರುವುದು ಮರ್ಯಾದೆ. ಇದು ಉಪದೇಶವಲ್ಲ, ಮಾಹಿತಿ.

ಅಣ್ಣ


ಏಪ್ರಿಲ್ 28

ಅಣ್ಣನಿಗೆ,

ನಿನ್ನ ಪಟ್ಟಿಯ ಒಂಬತ್ತು ಕೆಲಸವೂ ಮುಗಿಯಿತು. ಬೆಲ್ಟು ಬದಲಾಯಿಸಿದೆ. ಹಳೆಯದನ್ನು ಮಡಿಚಿ ನೋಡಿದರೆ ಒಳಗೆಲ್ಲ ಬಿರುಕು. ನಿನ್ನ ಹೆಬ್ಬೆರಳು ಗೆದ್ದಿತು, ಒಪ್ಪಿಕೊಂಡೆ.

ಹೋದ ಬುಧವಾರ ಆಸ್ಪತ್ರೆಯ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿ ನಿಂತಿದ್ದವು. ಮುಳ್ಳು ಕೆಂಪಿನ ಕಡೆ ಹೊರಟಿತು. ನೀನು ಬರೆದಂತೆ ಒಳಗಿನ ಹೀಟರನ್ನು ಪೂರ್ತಿ ಹಾಕಿದೆ. ಸುಡುಬಿಸಿಲಿನಲ್ಲಿ ಹೀಟರು!

"ಇದೇನೇ, ನನ್ನನ್ನ ಬೇಯಿಸಿ ಕರ್ಕೊಂಡು ಹೋಗ್ತಿದ್ದೀಯಾ?" ಎಂದರು ಟೀಚರಮ್ಮ.

"ಎಂಜಿನ್ ಬಿಸೀನ ಸ್ವಲ್ಪ ನಾವು ತಗೊಂಡ್ರೆ ಅದು ಬದುಕುತ್ತೆ ಟೀಚರ್."

"ಹಂಗಾದ್ರೆ ಅದಕ್ಕೂ ಹೇಳು, ನಾಳೆ ನನ್ನ ಕಿಡ್ನಿ ಕೆಲಸ ಸ್ವಲ್ಪ ಅದು ಮಾಡ್ಲಿ."

ಮುಳ್ಳು ಇಳಿಯಿತು. ನಾವಿಬ್ಬರೂ ಬೆವರಿನಲ್ಲಿ ತೊಯ್ದು ತಲುಪಿದೆವು. ನರ್ಸಮ್ಮ ಇಬ್ಬರನ್ನೂ ನೋಡಿ, ಪೇಷಂಟ್ ಯಾರು ಎಂದು ಕೇಳಿದಳು.

ಮಳೆಗಾಲದ ಪಟ್ಟಿ ಕಳಿಸು. ಮರ್ಯಾದೆಯ ಮಾತಿಗೆ ಮುಂದಿನ ಫೆಬ್ರವರಿಯಲ್ಲಿ ಉತ್ತರ ಕೊಡುತ್ತೇನೆ, ಪರೀಕ್ಷೆ ಪಾಸಾಗಿ.

ತಂಗಿ


ಜೂನ್ 2

ತಂಗಿಗೆ ಆಶೀರ್ವಾದಗಳು.

ಪಟ್ಟಿ ಇಟ್ಟಿದ್ದೇನೆ. ವೈಪರಿನ ರಬ್ಬರು, ಬ್ಯಾಟರಿಯ ತಲೆಗಳಿಗೆ ಗ್ರೀಸು, ಬಾಗಿಲಿನ ಅಂಚಿನ ಬೀಡಿಂಗು. ನೀರಿನಲ್ಲಿ ಇಳಿದು ಬಂದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ನೂರು ಗಜ ಓಡಿಸಿ ಒಣಗಿಸು.

ಹಳ್ಳ ಬಿದ್ದ ರಸ್ತೆಗಳಿಗೆ ಹೋಗಲೇಬೇಡ. ಟೀಚರಮ್ಮನಿಗೆ ಬೇರೆ ಏರ್ಪಾಡು ಆಗುವುದೇ ವಿಚಾರಿಸು.

ನಿಮ್ಮ ಕಡೆಯ ಗುಜರಿಯವನೊಬ್ಬನಿಗೆ ನಾನೇ ಬರೆದಿದ್ದೇನೆ. ಗಾಡಿ ಎತ್ತಿಕೊಂಡು ಹೋಗಲು ಬರುತ್ತಾನೆ. ಹಟ ಮಾಡದೆ ಸಹಿ ಹಾಕು. ದೊಡ್ಡವನ ಮಾತು ಒಂದನ್ನಾದರೂ ಕೇಳು.

ಅಣ್ಣ


ಜುಲೈ 17

ಅಣ್ಣನಿಗೆ,

ನಿನ್ನ ಗುಜರಿಯವನು ಬಂದಿದ್ದ. ಸುರಿಯುವ ಮಳೆಯಲ್ಲಿ, ದೊಡ್ಡ ಟ್ರಕ್ಕಿನಲ್ಲಿ, ಕೈಯಲ್ಲಿ ಸರಪಳಿ ಹಿಡಿದು. "ಎಲ್ಲಮ್ಮ ಹೆಣ?" ಎಂದ. ಬೂದಿಯನ್ನು ಸ್ಟಾರ್ಟ್ ಮಾಡಿ ತೋರಿಸಿದೆ. ಹೆಣ ಗುರುಗುಟ್ಟಿತು. ಅವನ ಟ್ರಕ್ಕಿನ ವೈಪರು ಕೆಟ್ಟು ಕಿಟಕಿಯಿಂದ ತಲೆ ಹೊರಹಾಕಿಕೊಂಡು ಬಂದಿದ್ದನಂತೆ. ನನ್ನ ಹಳೆಯ ಜೊತೆಯನ್ನು ಹಾಕಿಕೊಟ್ಟೆ. ಚಹಾ ಕುಡಿದು, "ನಿಮ್ಮಣ್ಣಂಗೆ ಏನಂತ ಹೇಳ್ಲಿ?" ಎಂದ. "ತಂಗಿ ಸಿಗಲಿಲ್ಲ ಅಂತ ಹೇಳು" ಎಂದೆ.

ಇನ್ನೊಮ್ಮೆ ನನ್ನನ್ನು ಕೇಳದೆ ಯಾರನ್ನಾದರೂ ಕಳಿಸಿದರೆ ಚಹಾ ಇರುವುದಿಲ್ಲ.

ಮಳೆಗಾಲದ ಕೆಲಸ ಎಲ್ಲ ಆಗಿದೆ. ಮುಂದಿನ ಎಡ ಟೈರು ಒಳ ಅಂಚಿನಲ್ಲಿ ತುಸು ಹೆಚ್ಚು ಸವೆದಿತ್ತು, ಹಿಂದಕ್ಕೆ ಹಾಕಿದೆ. ಉಳಿದಂತೆ ಎಲ್ಲ ಸರಿ.

ತಂಗಿ


ಜುಲೈ 22

ಗಾಡಿ ಎಡಕ್ಕೆ ಎಳೆಯುತ್ತಿದೆಯೇ? ಕೂಡಲೇ ಬರೆ. ಅಲ್ಲಿಯವರೆಗೆ ನಲವತ್ತರ ಮೇಲೆ ಓಡಿಸಬೇಡ. ಆಗುವುದಾದರೆ ಓಡಿಸಲೇಬೇಡ.

ಅಣ್ಣ


ಆಗಸ್ಟ್ 20

ತಂಗಿಗೆ,

ಉತ್ತರ ಬರಲಿಲ್ಲ. ಅತ್ತಿಗೆ ದಿನವೂ ಅಂಚೆ ಡಬ್ಬಿ ನೋಡಿ ಬರುತ್ತಾಳೆ. ಮಳೆ ನಿಂತ ಮೇಲಿನ ಪಟ್ಟಿ ಇಟ್ಟಿದ್ದೇನೆ. ಕೋಪವಿದ್ದರೆ ಇರಲಿ, ಟೈರಿನ ಸಂಗತಿ ಬರೆ.

ಅಣ್ಣ


ಅಕ್ಟೋಬರ್ 3

ಅಣ್ಣನಿಗೆ,

ಎರಡೂವರೆ ತಿಂಗಳು ಬರೆಯಲಿಲ್ಲ. ಬರೆದಿದ್ದರೆ ಅದು ಕಾಗದವಾಗುತ್ತಿರಲಿಲ್ಲ, ಜಗಳವಾಗುತ್ತಿತ್ತು. ಈಗಲೂ ಜಗಳವೇ, ಆದರೆ ಲೆಕ್ಕ ಸಮೇತ.

ನಿನ್ನ ಮೂರೂ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತೆ. ಬೇಸಿಗೆಗೆ ಒಂಬತ್ತು, ಮಳೆಗೆ ಹನ್ನೊಂದು, ಮಳೆ ನಿಂತ ಮೇಲೆ ಎಂಟು. ಒಟ್ಟು ಇಪ್ಪತ್ತೆಂಟು ಕೆಲಸ. ಬಾನೆಟ್ಟಿನೊಳಗೆ ಹದಿನೈದು, ಚಕ್ರಕ್ಕೆ ಆರು, ಗಾಜು ಬಾಗಿಲಿಗೆ ಏಳು. ಗಾಡಿಯ ಅಡಿಗೆ ಒಂದೂ ಇಲ್ಲ. ಇಡೀ ಮಳೆಗಾಲ ಕೆಸರು ತುಳಿದ ಗಾಡಿಯ ಹೊಟ್ಟೆ ನೋಡು ಎಂದು ಮೂವತ್ತು ವರ್ಷ ಇನ್ಸ್‌ಪೆಕ್ಟರಾಗಿದ್ದವನಿಗೆ ಹೊಳೆಯಲಿಲ್ಲವೇ?

ಹೊಳೆದಿರುತ್ತದೆ. ಐವತ್ತೆಂಟು ವಯಸ್ಸಿನ ಹೆಂಗಸು ನೆಲದ ಮೇಲೆ ಅಂಗಾತ ಮಲಗಿ ಗಾಡಿಯ ಅಡಿ ಹೋಗುವಳೇ ಎಂದು ಬಿಟ್ಟುಬಿಟ್ಟೆ. ನಲವತ್ತು ದಾಟಿಸಬೇಡ, ಹಳ್ಳದ ರಸ್ತೆ ಬೇಡ, ಮಾರು, ಸಹಿ ಹಾಕು. ಈ ವರ್ಷದ ನಿನ್ನ ಪ್ರತಿ ಕಾಗದದ ಅರ್ಥ ಒಂದೇ: ನಿನ್ನ ಕೈಲಾಗದು.

ನಾಡಿದ್ದು ಭಾನುವಾರ ಅಡಿಗೆ ಹೋಗುತ್ತೇನೆ. ನಿನ್ನ ಪಟ್ಟಿಯಲ್ಲಿಲ್ಲದ ಇಪ್ಪತ್ತೊಂಬತ್ತನೆಯ ಕೆಲಸ.

ತಂಗಿ


ಅಕ್ಟೋಬರ್ 5

ಅಣ್ಣನಿಗೆ,

ಕೈ ಇನ್ನೂ ಕಪ್ಪಗಿದೆ, ಹಾಳೆ ಕೊಳೆಯಾದರೆ ಕ್ಷಮಿಸು.

ಪಕ್ಕದ ವೆಲ್ಡರನ ಬಳಿಯಿಂದ ಎರಡು ಕಬ್ಬಿಣದ ಇಳಿಜಾರು ಹಲಗೆ ತಂದು, ಮುಂದಿನ ಚಕ್ರಗಳನ್ನು ಹತ್ತಿಸಿ, ಹಿಂದಿನವಕ್ಕೆ ಕಲ್ಲು ಕೊಟ್ಟು, ರಟ್ಟು ಹಾಸಿ ಮಲಗಿದೆ. ಎಂಜಿನ್ನಿನ ಕೆಳಗೆ ಕೆಸರು ತಡೆಯುವ ತಗಡಿನ ತಟ್ಟೆಯಿದೆಯಲ್ಲ, ಅದನ್ನು ಒಂಬತ್ತು ವರ್ಷದಲ್ಲಿ ಯಾರೂ ಬಿಚ್ಚಿಲ್ಲ. ಎಣ್ಣೆ ಬದಲಾಯಿಸುವವರು ಅದರ ತೂತಿನಿಂದಲೇ ಕೆಲಸ ಮುಗಿಸುತ್ತಾರೆ. ನಾಲ್ಕು ಬೋಲ್ಟಿನಲ್ಲಿ ಎರಡು ತುಕ್ಕು ಹಿಡಿದು ಕೂತಿದ್ದವು. ಕೊನೆಯದು ಬಿಟ್ಟುಕೊಂಡಾಗ ತಟ್ಟೆಯ ಜೊತೆ ಎರಡು ಸೇರು ಮಣ್ಣು ಮುಖದ ಮೇಲೆ ಬಿತ್ತು.

ಮಣ್ಣು ಒರೆಸಿಕೊಂಡು ಕಣ್ಣು ಬಿಟ್ಟರೆ, ಎಂಜಿನ್ ಕೂರುವ ಅಡ್ಡತೊಲೆ ಎಡಗಡೆ ಮುರಿದು ಬೆಸೆದದ್ದು. ನಾಲ್ಕು ಬೆರಳಗಲದ ಬೆಸುಗೆ, ಮೇಲೆ ಕಪ್ಪು ಬಣ್ಣ. ಆ ಬೆಸುಗೆಯ ಉದ್ದಕ್ಕೂ ಬಿರುಕು. ನನ್ನ ಉಗುರು ಒಳಗೆ ಹೋಯಿತು.

ವೆಲ್ಡರನನ್ನು ಕರೆದು ತೋರಿಸಿದೆ. ಅವನು ಟಾರ್ಚ್ ಹಿಡಿದು ಬೆಸುಗೆಯ ಉದ್ದಕ್ಕೂ ಬೆರಳಾಡಿಸಿದ. ಆಮೇಲೆ, "ಅಕ್ಕಾ, ಇದನ್ನ ಬೆಸೆದವನು ಕುರುಡ. ನೋಡಿ ಪಾಸ್ ಮಾಡಿದವನು ಅವನಿಗಿಂತ ಕುರುಡ. ಗಾಡಿ ಇಲ್ಲಿಂದ ಒಂದಡಿ ಅಲ್ಲಾಡಬಾರದು" ಎಂದ. ಬೆಸುಗೆಯ ತುಕ್ಕು ಹತ್ತು ವರ್ಷಕ್ಕಿಂತ ಹಳೆಯದಂತೆ. ಅಂದರೆ ನನ್ನ ಕೈಗೆ ಬರುವಾಗಲೇ ಹೀಗಿತ್ತು.

ಫೈಲು ತೆಗೆದೆ. ಮಾಲೀಕರ ಹೆಸರು ಬದಲಾದಾಗ ಮಾಡಿದ ತಪಾಸಣೆಯ ಕಾಗದ ಇದೆ. 'ಅಡಿಭಾಗ: ತಟ್ಟೆ ಬಿಚ್ಚಿ ನೋಡಲಾಗಿದೆ, ಸರಿ ಇದೆ.' ಕೆಳಗೆ ನಿನ್ನ ಸಹಿ.

ನೀನು ನೋಡಿದಾಗ ಇದು ಹೇಗೆ ತಪ್ಪಿಹೋಯಿತು ಅಣ್ಣ? ನೀನು ಹೇಳಿದರೆ ನಂಬುತ್ತೇನೆ.

ತಂಗಿ


ಅಕ್ಟೋಬರ್ 6

ನಿನ್ನ ಮೂರನೇ ತಾರೀಖಿನ ಕಾಗದ ಈಗ ಬಂತು. ಭಾನುವಾರ ನಿನ್ನೆಯೇ ಕಳೆದುಹೋಗಿದೆ. ಹೋಗಿರದಿದ್ದರೆ ಹೋಗಬೇಡ. ಜಾಕನ್ನು ನಂಬಬೇಡ. ತಟ್ಟೆಯನ್ನಂತೂ ಮುಟ್ಟಬೇಡ, ಅದು ಹಾಗೇ ಇರಲಿ. ನಿನ್ನ ಕೈಲಾಗದು ಎಂದು ನಾನು ಎಂದೂ ಎಣಿಸಿಲ್ಲ.

ಅಣ್ಣ


ಅಕ್ಟೋಬರ್ 10

ಮೂರನೇ ತಾರೀಖಿನ ಕಾಗದದಲ್ಲಿ ನಾನು ತಟ್ಟೆಯ ಮಾತೇ ಎತ್ತಿರಲಿಲ್ಲ. ಮತ್ತೆ ಓದಿ ನೋಡು. ನಿನಗೆ ಗೊತ್ತಿತ್ತು.


ನವೆಂಬರ್ 18

ತಂಗಿಗೆ,

ನಾಲ್ಕು ಸಲ ಬರೆದು ಹರಿದೆ. ಇದನ್ನು ಅತ್ತಿಗೆ ನನ್ನ ಕೈಯಿಂದ ಕಿತ್ತುಕೊಂಡು ಅಂಚೆಗೆ ಹಾಕುತ್ತಾಳಂತೆ.

ನಾನು ತಟ್ಟೆ ಬಿಚ್ಚಲಿಲ್ಲ. ಅಡಿಗೆ ಇಳಿಯಲೂ ಇಲ್ಲ. ನಮ್ಮ ತಪಾಸಣೆ ಅಂಗಳದಲ್ಲಿ ಗಾಡಿಯ ಅಡಿ ನೋಡಲು ತೋಡಿದ ಗುಂಡಿಯಲ್ಲಿ ವರ್ಷದ ಎಂಟು ತಿಂಗಳು ನೀರು ನಿಂತಿರುತ್ತಿತ್ತು. ದಿನಕ್ಕೆ ಅರವತ್ತು ಗಾಡಿ. ಮೊದಮೊದಲು ಇಳಿಯುತ್ತಿದ್ದೆವು. ಆಮೇಲೆ ಬಾನೆಟ್ ಮೇಲೆ ಎರಡು ಸಲ ತಟ್ಟಿದರೆ ಅಡಿಭಾಗ ನೋಡಿದಂತೆ ಎಂಬ ಪದ್ಧತಿ ಆಯಿತು. ಯಾರು ಶುರು ಮಾಡಿದರೋ ಗೊತ್ತಿಲ್ಲ, ಎಲ್ಲರೂ ತಟ್ಟುತ್ತಿದ್ದೆವು. ಹೊಸದಾಗಿ ಬಂದವರಿಗೆ ನಾನೇ ಕಲಿಸಿದೆ. ನಿನ್ನ ಗಾಡಿಯ ದಿನ ಇಳಿಯಬೇಕು ಅನಿಸಿತ್ತು. ಆದರೆ ತಂಗಿಯ ಗಾಡಿಗೆ ಮಾತ್ರ ಇಳಿದರೆ ಮಿಕ್ಕವರು ನಗುತ್ತಾರೆ ಎಂದು ಇಳಿಯಲಿಲ್ಲ.

ಈ ಜನವರಿಯಲ್ಲಿ ಕಿವಿಯ ಡಾಕ್ಟರ ಬಳಿ ನಿನ್ನ ಗಾಡಿಯ ಹಳೆಯ ಮಾಲೀಕ ಸಿಕ್ಕಿದ. "ನಿಮ್ಮ ತಂಗಿ ಇನ್ನೂ ಅದನ್ನೇ ಓಡಿಸ್ತಾರಾ? ಲಾರಿಗೆ ಗುದ್ದಿ ಮುರಿದ ಗಾಡಿ ಸಾರ್ ಅದು. ನೀವು ಹೆಂಗೆ ಪಾಸ್ ಮಾಡಿದ್ರಿ ಅಂತ ನಂಗೇ ಆಶ್ಚರ್ಯ" ಎಂದು ನಕ್ಕ. ಆವತ್ತಿಗೆ ನನ್ನ ಕಿವಿ ಇನ್ನಷ್ಟು ಕೆಟ್ಟಿದ್ದರೆ ಒಳ್ಳೆಯದಿತ್ತು.

ನೀನು ಮಾರಿಬಿಟ್ಟರೆ ಹೇಳದೆಯೇ ಮುಗಿಯುತ್ತದೆ ಎಂದುಕೊಂಡೆ. ನಿನ್ನ ಟೈರಿನ ಸಂಗತಿ ಓದಿದ ದಿನ ಬಸ್ ನಿಲ್ದಾಣದವರೆಗೂ ಹೋಗಿ ವಾಪಸ್ ಬಂದೆ. ಬಂದರೆ ಹೇಳಬೇಕಾಗುತ್ತಿತ್ತು.

ಈಗ ಗಾಡಿಯನ್ನು ಗುಜರಿಗೆ ಕೊಟ್ಟುಬಿಡು. ತಪ್ಪು ನನ್ನದು, ನಿನ್ನದಲ್ಲ.

ಅಣ್ಣ


ನವೆಂಬರ್ 27

ಅಣ್ಣನಿಗೆ,

ಜನವರಿಯಿಂದ ಅಕ್ಟೋಬರ್ ಐದರವರೆಗೆ ಟೀಚರಮ್ಮನನ್ನು ನೂರ ಹದಿನೇಳು ಸಲ ಕರೆದೊಯ್ದಿದ್ದೇನೆ. ಕಿಲೋಮೀಟರ್ ಪುಸ್ತಕದಲ್ಲಿದೆ. ನೂರ ಹದಿನೇಳು ಸಲವೂ ಆಕೆ ಕೂತದ್ದು ನಿನ್ನ ಹೆಸರಿನ ಮೇಲೆ. ಆ ಹೆಸರು ಉಳಿಯಲಿ ಎಂದು ನೀನು ಬಾಯಿ ಮುಚ್ಚಿಕೊಂಡೆ. ಬೈಯಲು ಇದಕ್ಕಿಂತ ದೊಡ್ಡ ಮಾತು ನನಗೆ ಗೊತ್ತಿಲ್ಲ, ಗೊತ್ತಿದ್ದರೆ ಬರೆಯುತ್ತಿದ್ದೆ.

ನನ್ನ ಪಾಲನ್ನೂ ಬರೆಯುತ್ತೇನೆ. ಜುಲೈಯಿಂದ ಗಾಡಿ ಎಡಕ್ಕೆ ಎಳೆಯುತ್ತಿತ್ತು. ನೀನು ಕೇಳಿದಾಗಲೂ ಹೇಳಲಿಲ್ಲ. ಹೇಳಿದರೆ ನೀನು ಗೆಲ್ಲುತ್ತೀಯಲ್ಲ ಎಂದು. ಆ ತಪ್ಪಿಗೆ ನನ್ನನ್ನು ನಾನೇ ಬೈದುಕೊಂಡಿದ್ದೇನೆ, ಅದರಲ್ಲಿ ನಿನಗೆ ಭಾಗ ಕೊಡುವುದಿಲ್ಲ.

ಟೀಚರಮ್ಮನಿಗೆ ಇಬ್ಬರ ವಿಷಯವನ್ನೂ ಹೇಳಿದೆ. "ಅಂದ್ರೆ ಇಷ್ಟು ದಿನ ನನ್ನ ಬ್ಲಡ್ ರಿಪೋರ್ಟ್‌ಗಿಂತ ನಿನ್ನ ಗಾಡಿ ರಿಪೋರ್ಟೇ ಕೆಟ್ಟಿತ್ತು ಅನ್ನು" ಎಂದರು. ಆಮೇಲೆ, "ರಿಪೇರಿ ಆದ್ಮೇಲೆ ಮತ್ತೆ ಇದ್ರಲ್ಲೇ ಬರ್ತೀನಿ. ಬೇರೆ ಬಾಡಿಗೆ ಗಾಡಿ ಗೊತ್ತು ಮಾಡ್ಕೊಳ್ಳಲ್ಲ" ಎಂದರು. ಅಲ್ಲಿಯವರೆಗೆ ವೆಲ್ಡರನ ವ್ಯಾನಿನಲ್ಲಿ, ಸಿಲಿಂಡರು ಇಳಿಸಿ ಜಾಗ ಮಾಡಿ, ಕರೆದೊಯ್ದೆವು.

ಗುಜರಿಗೆ ಕೊಡು ಎಂದೆಯಲ್ಲ, ಗುಜರಿಗೆ ಹೋಗಿದ್ದೆ. ಕೊಡಲು ಅಲ್ಲ, ತರಲು. ನೀನು ಕಳಿಸಿದ್ದ ಆ ಟ್ರಕ್ಕಿನವನೇ ಬೂದಿಯದೇ ಮಾದರಿಯ ಗಾಡಿಯೊಂದರಿಂದ ಒಳ್ಳೆಯ ಅಡ್ಡತೊಲೆ ಬಿಚ್ಚಿಕೊಟ್ಟ. ಎಂಜಿನ್ನನ್ನು ಸರಪಳಿಯಿಂದ ತೂಗುಹಾಕಿ, ಎರಡೂವರೆ ದಿನ ವೆಲ್ಡರನೂ ನಾನೂ ಒದ್ದಾಡಿದೆವು. ಬೆಸುಗೆಯಿಲ್ಲ, ಎಲ್ಲ ಹೊಸ ಬೋಲ್ಟು. ಚಕ್ರಗಳ ಅಲೈನ್‌ಮೆಂಟ್ ಸರಿ ಮಾಡಿಸಿದೆ. ಈಗ ಸ್ಟೀರಿಂಗ್ ಬಿಟ್ಟರೂ ಗಾಡಿ ನೇರ ಹೋಗುತ್ತದೆ, ನಮ್ಮಿಬ್ಬರಿಗಿಂತ ನೇರ.

ಚಳಿಗಾಲದ ಪಟ್ಟಿ ಕಳಿಸಬೇಡ. ನಾನೇ ಬರೆದುಕೊಂಡಿದ್ದೇನೆ. ಬ್ಯಾಟರಿ ಅಳೆಯುವುದು, ದೀಪದ ಗಾಜು ಒರೆಸುವುದು, ರೇಡಿಯೇಟರಿಗೆ ಹೊಸ ಕೂಲಂಟ್. ಎಲ್ಲಕ್ಕಿಂತ ಮೊದಲು, ತಟ್ಟೆ ಬಿಚ್ಚುವುದು.

ತಂಗಿ


ಜನವರಿ 15

ತಂಗಿಗೆ,

ನಿನ್ನ ಕಾಗದವನ್ನು ಅತ್ತಿಗೆಗೆ ಓದಿ ಹೇಳಿದೆ. ಪೂರ್ತಿ.

ಒಂದು ವಿಷಯ. ನಿಮ್ಮ ತಪಾಸಣೆ ಕೇಂದ್ರದಲ್ಲಿ ಈಗಿರುವ ಇನ್ಸ್‌ಪೆಕ್ಟರು ನನ್ನ ಕೈಕೆಳಗೆ ಕಲಿತವನು. ಹದಿನೈದರ ಗಾಡಿಗೆ ಅಡ್ಡತೊಲೆ ಬದಲಾಗಿದ್ದರೆ ಅದೊಂದೇ ನೆಪಕ್ಕೆ ನಪಾಸು ಮಾಡುವವರಿದ್ದಾರೆ. ಅದಕ್ಕೇ ಅವನಿಗೆ ಬರೆದಿದ್ದೇನೆ. ಮೂರನೇ ಸಾಲಿಗೆ ಹೋಗು, ಐದು ನಿಮಿಷದ ಕೆಲಸ. ನನ್ನಿಂದ ನಿನಗೆ ಇದೊಂದಾದರೂ ಆಗಲಿ.

ಅಣ್ಣ


ಫೆಬ್ರವರಿ 12

ಅಣ್ಣನಿಗೆ,

ಮಂಗಳವಾರ ಹೋದೆ. ಮೂರನೇ ಸಾಲಿಗೇ ಹೋದೆ, ನಿನ್ನ ಶಿಷ್ಯನ ಮುಖ ನೋಡಬೇಕಿತ್ತು. ಒಳ್ಳೆಯ ಹುಡುಗನಂತಿದ್ದಾನೆ, ನಲವತ್ತು ಇರಬಹುದು, ಅಂಗಿಗೆ ಗರಿಗರಿ ಇಸ್ತ್ರಿ. ನಾನು ಇಸ್ತ್ರಿಯವಳು, ಕಣ್ಣಿಗೆ ಬೀಳುತ್ತದೆ. "ಸಾರ್ ತಂಗಿನಾ? ಬನ್ನಿ ಅಮ್ಮ, ಕಾಗದ ಬಂದಿತ್ತು" ಎಂದ. ದೀಪ ನೋಡಿದ, ಹಾರ್ನ್ ಕೇಳಿದ, ಹೊಗೆ ಅಳೆದ. ಆಮೇಲೆ ಬಾನೆಟ್ ಮೇಲೆ ಎರಡು ಸಲ ತಟ್ಟಿ ಮೊಹರು ಎತ್ತಿಕೊಂಡ.

"ಒತ್ತಬೇಡಿ" ಎಂದೆ.

"ಯಾಕಮ್ಮಾ?"

"ಇಳಿದು ನೋಡಿ. ತಟ್ಟೆ ನಾನೇ ಬಿಚ್ಚಿ ತಂದಿದ್ದೀನಿ, ಡಿಕ್ಕಿಯಲ್ಲಿದೆ."

ಮೆಲ್ಲಗೆ ಹೇಳಿದ, "ಅಮ್ಮ, ಸುಮ್ನೆ ತಗೊಂಡ್ಹೋಗಿ. ಇಳಿದ್ರೆ ಏನಾದ್ರೂ ಸಿಗುತ್ತೆ. ಸಿಕ್ಕಿದ್ರೆ ಬರೀಲೇಬೇಕು. ಹದಿನೈದರ ಗಾಡಿ ಇದು."

"ಸಿಕ್ಕಿದ್ರೆ ಬರೀರಿ. ಸಿಗದಿದ್ರೆ ಒತ್ತಿ."

ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಕೆಂಪು ವ್ಯಾನಿನವನೊಬ್ಬ ಇಳಿದು ಬಂದು, "ಏನಮ್ಮ ನಿಂದು, ಪಾಸ್ ಮಾಡ್ತೀನಿ ಅಂದ್ರೂ ಬೇಡ ಅಂತೀಯಲ್ಲ, ತಲೆ ಕೆಟ್ಟಿದ್ಯಾ?" ಎಂದ. ನಾನು ಕೀಲಿ ತೆಗೆದು ರವಿಕೆಯೊಳಗೆ ಇಟ್ಟುಕೊಂಡು ಗಾಡಿಯ ಮುಂದೆ ನಿಂತೆ. ನಪಾಸಾದರೆ ಬೂದಿ ಹೋಗುತ್ತಾಳೆ, ಐವತ್ತೊಂಬತ್ತರಲ್ಲಿ ಮತ್ತೆ ಇಸ್ತ್ರಿ ಪೆಟ್ಟಿಗೆ. ಆದರೆ ತಟ್ಟಿ ಒತ್ತಿದ ಮೊಹರನ್ನು ಇಟ್ಟುಕೊಂಡು ಟೀಚರಮ್ಮನಿಗೆ ಹಿಂದಿನ ಬಾಗಿಲು ತೆಗೆಯಲು ನನ್ನ ಕೈ ಬರುತ್ತಿರಲಿಲ್ಲ. ಇನ್ನೂ ಒಂದು ಮಾತು, ನಿನ್ನ ಶಿಫಾರಸಿನಿಂದ ಪಾಸಾದರೆ ಪಾಸಾದವನು ನೀನು, ಬೂದಿಯಲ್ಲ.

ಇಳಿದ. ಆ ಅಂಗಿಯಲ್ಲೇ. ನಲವತ್ತು ನಿಮಿಷ. ಅಡ್ಡತೊಲೆಯನ್ನು ಸುತ್ತಿಗೆಯಿಂದ ಬಡಿದ, ಬೋಲ್ಟುಗಳನ್ನು ಒಂದೊಂದಾಗಿ ಎಣಿಸಿದ. ಮೇಲೆ ಬಂದಾಗ ಭುಜದ ಮೇಲೆ ಎಣ್ಣೆ.

"ತೊಲೆ ಚೆನ್ನಾಗಿ ಕೂತಿದೆ. ಹೊಸ ಗಾಡೀಲೂ ಹಿಂಗೆ ಇರಲ್ಲ" ಎಂದ. ನಂತರ, "ಆದ್ರೆ ಹಿಂದಿನ ಬಲ ಬ್ರೇಕ್ ಪೈಪು ಚಾಸಿಗೆ ಉಜ್ಜಿ ಸವೆದಿದೆ. ನಪಾಸು."

ಹಿಂದೆ ಯಾರೋ ನಕ್ಕರು. ನಾನು ಚೀಟಿ ಕೈಗೆ ತೆಗೆದುಕೊಂಡು, ಮತ್ತೆ ತರಲು ಎಷ್ಟು ದಿನ ಇದೆ ಎಂದು ಕೇಳಿದೆ. ಹದಿನೈದರ ಗಾಡಿಗೆ ಒಂದೇ ಅವಕಾಶ, ಏಳು ದಿನದೊಳಗೆ. ಪೈಪು ಬದಲಾಯಿಸಲು ನನಗೆ ಒಂದೇ ದಿನ ಸಾಕಾಯಿತು. ನನ್ನ ಚಳಿಗಾಲದ ಪಟ್ಟಿಯಲ್ಲಿ ಆ ಪೈಪು ಇರಲಿಲ್ಲ ಎಂಬುದನ್ನು ನಾನೇ ಬರೆದು ನಿನಗೆ ಒಪ್ಪಿಸುತ್ತಿದ್ದೇನೆ. ಇಳಿದು ನೋಡಿದವನಿಗೆ ಮಾತ್ರ ಕಂಡದ್ದು ಅದು.

ಈ ಬೆಳಿಗ್ಗೆ ಮತ್ತೆ ಮೂರನೇ ಸಾಲು. ನಿನ್ನ ಶಿಷ್ಯ ನನ್ನನ್ನು ನೋಡಿ ನಿಟ್ಟುಸಿರು ಬಿಟ್ಟು ಗುಂಡಿಗೆ ಇಳಿದ. ಈ ಸಲ ಹಳೆಯ ಅಂಗಿ ಹಾಕಿಕೊಂಡು ಬಂದಿದ್ದ. ಪೈಪು ಎಳೆದು ನೋಡಿದ, ಬ್ರೇಕ್ ಒತ್ತಿಸಿದ, ಮೇಲೆ ಬಂದು ಮೊಹರು ಒತ್ತಿದ. ಒಂದು ವರ್ಷ. ಬಾನೆಟ್ ತಟ್ಟಲಿಲ್ಲ.

ಹೊರಡುತ್ತಿದ್ದೆ. ಆ ಕೆಂಪು ವ್ಯಾನಿನವನು ಇವತ್ತೂ ಬಂದಿದ್ದ, ಮಂಗಳವಾರ ಅವನ ಸರದಿ ಬರುವಷ್ಟರಲ್ಲಿ ಕಚೇರಿ ಮುಚ್ಚಿತಂತೆ. ನನಗೆ ಏನಾದರೂ ಅನ್ನುತ್ತಾನೆಂದು ಕಿಟಕಿ ಏರಿಸಹೋದೆ. ಅವನು ನನ್ನ ಕಡೆ ನೋಡಲಿಲ್ಲ. ಇನ್ಸ್‌ಪೆಕ್ಟರನ ಹತ್ತಿರ ಹೋಗಿ ತಲೆ ಕೆರೆದುಕೊಂಡು ಹೇಳಿದ್ದು ಕೇಳಿಸಿತು.

"ಸಾರ್, ನಂದೂ ಸ್ವಲ್ಪ ಇಳಿದು ನೋಡಿ. ಇದ್ರಲ್ಲಿ ನನ್ನ ಮಕ್ಕಳು ಓಡಾಡ್ತಾರೆ."

ಅವನ ಹಿಂದೆ ಹತ್ತೊಂಬತ್ತು ಗಾಡಿ ನಿಂತಿದ್ದವು, ಎಲ್ಲವೂ ಒಟ್ಟಿಗೆ ಹಾರ್ನ್ ಹೊಡೆಯುತ್ತಿದ್ದವು. ನಿನ್ನ ಶಿಷ್ಯ ಅಂಗಿಯ ತೋಳು ಮಡಿಚಿಕೊಂಡು ಮತ್ತೆ ಮೆಟ್ಟಿಲು ಇಳಿದ.

ಹೊಡೆಯಲಿ ಬಿಡು.

ತಂಗಿ